ಗೆರೆಯ ಮೇಲೆ ಇಟ್ಟ ಕಾಡಿಗೆ

ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ರಾತ್ರಿ ನೆನೆಹಾಕಿದ್ದ ಹುರುಳಿಯನ್ನು ಬಸಿದು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟೆ. ಬೀಜ ಬಿಡಿಸಿಟ್ಟಿದ್ದ ಹುಣಸೆಹಣ್ಣನ್ನು ಉಪ್ಪು ಬೆರೆಸಿ ಜಾಡಿಗೆ ಒತ್ತಿದೆ. ಅಂದು ನಲ್ಲಿ ಬರುವ ದಿನ, ಡ್ರಮ್ಮು ತುಂಬಿಸಿದೆ. ಮಂಡಿಗೆ ಹೋಗುವ ನಮ್ಮ ಯಜಮಾನರಿಗೆ ಮಧ್ಯಾಹ್ನಕ್ಕೆಂದು ಚಿತ್ರಾನ್ನ ಕಲಸಿ ಮುಚ್ಚಿಟ್ಟೆ. ಕೊನೆಗೆ ಅಕ್ಕನನ್ನು ಹಿತ್ತಲ ಬಾಗಿಲ ಬೆಳಕಿಗೆ ಕೂರಿಸಿಕೊಂಡು, ಸೋಪಿನ ನೀರು ಸವರಿ, ಅವಳ ಮೂಗುಬೊಟ್ಟನ್ನು ತಿರುಗಿಸಿ ತಿರುಗಿಸಿ ಬಿಚ್ಚಿದೆ.

ಮದುವೆಯಾದಾಗಿನಿಂದ ತೆಗೆಯದೆ ಇದ್ದ ಬೊಟ್ಟು ಅದು. ಬೆಂಗಳೂರಿನ ಆಸ್ಪತ್ರೆಯವರು ಮುಖದ ಮೇಲೆ ಲೋಹದ್ದು ಏನೂ ಇರಕೂಡದು ಎಂದಿದ್ದರು. ಲೇಸರ್ ಬೆಳಕು ಅದಕ್ಕೆ ತಾಗಿದರೆ ಎಲ್ಲೆಂದರಲ್ಲಿ ಚಿಮ್ಮುತ್ತದಂತೆ. ಪೌಡರು, ಕ್ರೀಮು, ಅರಿಶಿನ, ಕುಂಕುಮ ಯಾವುದೂ ಬೇಡ ಎಂದಿದ್ದರು. ಹಣೆಗೆ ವಿಭೂತಿ ಹಚ್ಚದೆ ಬಾಯಿಗೆ ನೀರು ಹಾಕದ ಮನೆಯವರು ನಾವು. ಅಕ್ಕ ಅಂದು ಬರೀ ಹಣೆಯಲ್ಲಿ ಕಾಫಿ ಕುಡಿದಳು. ಎದುರಿಗೆ ಕೂತಿದ್ದ ಅಮ್ಮ ಲೋಟ ಖಾಲಿಯಾಗುವವರೆಗೂ ಗೋಡೆ ನೋಡುತ್ತಿದ್ದಳು.

ಅಕ್ಕನನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ, ನನ್ನನ್ನು ಹಿಂದೂಪುರಕ್ಕೆ. ಅಮ್ಮ ಸೆಟ್ಟೂರಿನ ಹತ್ತಿರ ನಮ್ಮ ತಮ್ಮನ ಮನೆಯಲ್ಲಿದ್ದಾಳೆ. ಇಬ್ಬರೂ ಹಿಂದಿನ ದಿನವೇ ಬಸ್ಸಿನಲ್ಲಿ ನಮ್ಮ ಮನೆಗೆ ಬಂದು ಇಳಿದಿದ್ದರು. ಭಾವ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಆಸ್ಪತ್ರೆಯ ವಾಸನೆಗೇ ತಲೆ ಸುತ್ತುತ್ತದೆ, ಬರದಿದ್ದದ್ದೇ ಒಳ್ಳೆಯದಾಯಿತು.

ಅಕ್ಕನ ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಒಂದು ಗಂಟು. ಮೊದಲು ಅವರೆಕಾಳಿನಷ್ಟಿತ್ತು. ಒಡೆಯಿತು, ಒಣಗಿತು, ಮತ್ತೆ ಒಡೆಯಿತು. ಬೇವು ಅರೆದು ಹಚ್ಚಿದೆವು, ಮೆಡಿಕಲ್ ಸ್ಟೋರಿನವನು ಕೊಟ್ಟ ಮುಲಾಮು ಹಚ್ಚಿದೆವು. ಅನಂತಪುರದಲ್ಲಿ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದಾಗ ಚರ್ಮದ ಕ್ಯಾನ್ಸರ್ ಎಂದು ಬಂತು. ಆಪರೇಷನ್ ಮಾಡಿದರೆ ಗಂಟಿನ ಜೊತೆಗೆ ಕೆಳರೆಪ್ಪೆಯೂ ಕೆನ್ನೆಯ ಒಂದಿಷ್ಟು ಭಾಗವೂ ಹೋಗುತ್ತದೆ, ತೊಡೆಯ ಚರ್ಮ ತಂದು ಮುಚ್ಚಬೇಕಾಗುತ್ತದೆ ಎಂದರು. ಅಕ್ಕ ಅಳಲಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಅಂಗೈಯಿಂದ ಅರ್ಧ ಕೆನ್ನೆ ಮುಚ್ಚಿಕೊಂಡು ನೋಡಿದಳು. ಆಮೇಲೆ ಕನ್ನಡಿಯನ್ನೇ ತಿರುಗಿಸಿಟ್ಟಳು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕತ್ತಿ ಇಲ್ಲದ ಹೊಸ ಚಿಕಿತ್ಸೆಯೊಂದನ್ನು ಕೆಲವರ ಮೇಲೆ ಮಾಡಿ ನೋಡುತ್ತಿದ್ದಾರೆ ಎಂದು ಅನಂತಪುರದ ವೈದ್ಯರೇ ಚೀಟಿ ಕೊಟ್ಟು ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ನಮಗೆ ಬಿಡಿಸಿ ಹೇಳಿದ್ದರು. ಗಂಟಿನೊಳಕ್ಕೆ ಹಸಿರು ಬಣ್ಣದ ಮದ್ದನ್ನು ಸೂಜಿಯಲ್ಲಿ ಇಳಿಸುತ್ತಾರೆ. ಅದು ಹರಡಿಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಕಣ್ಣಿಗೆ ಕಾಣದಂಥ ಒಂದು ಲೇಸರ್ ಬೆಳಕು ಬಿಡುತ್ತಾರೆ. ಬರೀ ಚರ್ಮದ ಮೇಲೆ ಬಿದ್ದರೆ ಆ ಬೆಳಕು ಸ್ವಲ್ಪ ಬೆಚ್ಚಗೆ ಮಾಡಿ ಹೋಗುತ್ತದೆ, ಅಷ್ಟೇ. ಮದ್ದು ಇರುವ ಕಡೆ ಮಾತ್ರ ಮದ್ದು ಅದನ್ನು ಹೀರಿಕೊಂಡು ಕಾಯುತ್ತದೆ, ಕಾದು ಗಂಟನ್ನು ಒಳಗಿನಿಂದ ಬೇಯಿಸುತ್ತದೆ. ಸುತ್ತಲಿನ ಕೆನ್ನೆ, ರೆಪ್ಪೆ ಉಳಿಯುತ್ತವೆ. ಎಲ್ಲರಿಗೂ ಆಗುತ್ತದೆಂದು ಮಾತು ಕೊಡುವುದಿಲ್ಲ, ಆಗದಿದ್ದರೆ ಆಪರೇಷನ್ನೇ ಎಂದರು. ನಾವು ಕತ್ತು ಆಡಿಸಿದೆವು. ಬೆಳಕು ಬೇಯಿಸುವುದು ಎಂದರೇನೆಂದು ಅಂದು ನನಗೆ ತಲೆಗೆ ಹತ್ತಲಿಲ್ಲ.

ಕಾಡಿಗೆಯ ವಿಷಯವನ್ನು ಇಲ್ಲಿ ಹೇಳಿಬಿಡಬೇಕು. ನಮ್ಮಮ್ಮ ಕಾಡಿಗೆಯನ್ನು ಅಂಗಡಿಯಿಂದ ತಂದವಳಲ್ಲ. ಹೊನ್ನಗೊನೆ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ಅದ್ದಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಕಂಚಿನ ತಟ್ಟೆ ಬೋರಲು ಹಾಕುತ್ತಾಳೆ. ಬೆಳಗಾಗುವಷ್ಟರಲ್ಲಿ ತಟ್ಟೆಗೆ ಹತ್ತಿದ ಮಸಿಯನ್ನು ಕೆರೆದು ಮತ್ತೆ ಹರಳೆಣ್ಣೆಯಲ್ಲೇ ಕಲಸಿ ಒಂದು ಹಿತ್ತಾಳೆ ಡಬ್ಬಿಗೆ ತುಂಬುತ್ತಾಳೆ. ಆ ಡಬ್ಬಿ ಅವಳ ಸೊಂಟದ ಚೀಲದಲ್ಲಿ ಎಲೆಅಡಿಕೆಯ ಜೊತೆ ಇರುತ್ತದೆ. ಮೊಮ್ಮಕ್ಕಳ ಕೆನ್ನೆಗೆ, ಹುಟ್ಟಿದ ಕರುವಿನ ಹಣೆಗೆ, ಮದುಮಗಳ ಕಿವಿಯ ಹಿಂದೆ ಅವಳ ಬೆರಳು ಹೋಗಿ ಬಂದೇ ಇರುತ್ತದೆ. ನಮ್ಮ ಯಜಮಾನರು ಹೊಸ ಸ್ಕೂಟರ್ ತಂದಾಗ ಹೆಡ್‌ಲೈಟಿನ ಗಾಜಿಗೂ ಒಂದು ಇಟ್ಟಿದ್ದಳು. ರಾತ್ರಿ ರಸ್ತೆಯ ನಡುವೆ ಒಂದು ಕಪ್ಪು ಚುಕ್ಕಿ ತಮ್ಮ ಮುಂದೆ ಮುಂದೆ ಓಡುತ್ತದೆ ಎಂದು ಅವರು ಅತ್ತೆಯನ್ನು ಇವತ್ತಿಗೂ ಛೇಡಿಸುತ್ತಾರೆ.

ಬಾಡಿಗೆ ಕಾರಿನಲ್ಲಿ ಹೊರಟೆವು. ಗಡಿಯಲ್ಲಿ, ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು. ಅಕ್ಕ ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿಯೇ ಕೂತಿದ್ದಳು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು. ವಾಪಸು ಬರುವಾಗ ರೆಪ್ಪೆ ಇದ್ದರೆ ಸಾಕು, ಕಣ್ಣು ಮುಚ್ಚಿ ನಿದ್ದೆ ಮಾಡಬೇಕು ಎಂದಳು. ಅಮ್ಮ ಅವಳ ಮಂಡಿಯ ಮೇಲೆ ಕೈ ಇಟ್ಟಳು.

ಆಸ್ಪತ್ರೆಯಲ್ಲಿ ಮೊದಲು ಕೆನ್ನೆ ತೊಳೆದು, ಜೋಮು ಹಿಡಿಸುವ ಸೂಜಿ ಕೊಟ್ಟು, ಗಂಟಿನೊಳಕ್ಕೆ ಹಸಿರು ಮದ್ದು ಇಳಿಸಿದರು. ನರ್ಸು ನೇರಳೆ ಬಣ್ಣದ ಪೆನ್ನಿನಲ್ಲಿ ಗಂಟಿನ ಸುತ್ತ ದಪ್ಪಗೆ ಒಂದು ಗೆರೆ ಬರೆದಳು. ಬೆಳಕು ಬೀಳಬೇಕಾದ ಜಾಗ ಅದು. ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮದ್ದು ಹರಡಿಕೊಳ್ಳಲಿ, ಕರೆಯುತ್ತೇವೆ ಎಂದರು.

ಆ ಬೆಂಚು ಇದ್ದದ್ದು ಎಲ್ಲರೂ ಓಡಾಡುವ ದಾರಿಯಲ್ಲಿ. ಬೋಳು ಹಣೆ, ಬೋಳು ಮೂಗು, ಕೆನ್ನೆಯ ಮೇಲೆ ಹಸಿರು ಛಾಯೆ, ಅದರ ಸುತ್ತ ನೇರಳೆ ಗೆರೆ. ಹೋಗುವವರು ಬರುವವರು ತಿರುತಿರುಗಿ ನೋಡಿದರು. ಒಬ್ಬಾಕೆ ನಿಂತೇ ನೋಡಿದಳು. ನಾನು ನೀರಿನ ಬಾಟಲಿ ತುಂಬಿಸಿಕೊಂಡು ಬರಲು ಹೋದೆ. ಬಂದಾಗ ಅಮ್ಮ ಸೊಂಟದ ಚೀಲದ ದಾರ ಎಳೆಯುತ್ತಿದ್ದಳು. ಎಲೆಅಡಿಕೆ ಹಾಕಿಕೊಂಡಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಒಳಗೆ ಕರೆದರು.

ಅಕ್ಕನಿಗೆ ಒಂಟಿಯಾಗಿ ಹೋಗಲು ಭಯ. ಅದಕ್ಕೆ ನನ್ನನ್ನು ಒಳಗೆ ನಿಲ್ಲಲು ಬಿಟ್ಟರು. ಕಣ್ಣಿಗೆ ದಪ್ಪ ಕನ್ನಡಕ ಹಾಕಿಸಿ ಗೋಡೆಗೆ ಒರಗಿ ನಿಲ್ಲಿಸಿದರು. ಅಕ್ಕನ ಕಣ್ಣಿನ ಮೇಲೆ ಚಿಪ್ಪಿನಂಥದ್ದನ್ನು ಇಟ್ಟು ಮುಚ್ಚಿದರು. ಮುಖಕ್ಕೆಲ್ಲ ಒದ್ದೆ ಬಟ್ಟೆ ಹೊದಿಸಿ, ಗೆರೆ ಮಾತ್ರ ಕಾಣುವಷ್ಟು ಕಿಂಡಿ ಬಿಟ್ಟರು. ನರ್ಸು ಗೆರೆ ಅಳಿಸಿಹೋಗದ ಹಾಗೆ ಅದರೊಳಗಿನ ಜಾಗವನ್ನಷ್ಟೇ ಸ್ಪಿರಿಟ್ಟಿನಲ್ಲಿ ಒರೆಸಿದಳು. ಪಕ್ಕದ ಪರದೆಯಲ್ಲಿ ಅಕ್ಕನ ಕೆನ್ನೆ ನೀಲಿಯಾಗಿ ಕಾಣುತ್ತಿತ್ತು. ಎಲ್ಲಿ ಎಷ್ಟು ಬಿಸಿ ಎಂದು ತೋರಿಸುವ ಕ್ಯಾಮೆರಾ ಅದು. ಡಾಕ್ಟರಮ್ಮ ಕಾಲಿನ ಪೆಡಲ್ ಒತ್ತಿದರು. ಏನೂ ಕಾಣಲಿಲ್ಲ, ಏನೂ ಕೇಳಿಸಲಿಲ್ಲ. ಪರದೆಯಲ್ಲಿ ಮಾತ್ರ ಗಂಟಿನ ಜಾಗ ಮೆಲ್ಲಗೆ ಹಳದಿಗೆ ತಿರುಗತೊಡಗಿತು.

ಹಾಗೆ ನೋಡುತ್ತಿದ್ದಂತೆ ಅದರ ಕೆಳಗೆ, ಗೆರೆ ಇದ್ದ ಕಡೆ, ಚುಕ್ಕಿಯೊಂದು ಬೆಳ್ಳಗೆ ಹೊಳೆಯಿತು. ನಾನು ಪರದೆಯಿಂದ ಅಕ್ಕನ ಕಡೆ ತಿರುಗಿದೆ. ಕೆನ್ನೆಯಿಂದ ನೂಲಿನಂಥ ಹೊಗೆ ಎದ್ದಿತ್ತು.

ಡಾಕ್ಟರಮ್ಮನ ಕಾಲು ಆಗಲೇ ಪೆಡಲಿನಿಂದ ಮೇಲೆದ್ದಿತ್ತು. ನರ್ಸು ತಣ್ಣೀರಿನ ಬಟ್ಟೆ ಒತ್ತಿದಳು. ಜೋಮು ಹಿಡಿದಿದ್ದ ಕೆನ್ನೆಯ ಅಂಚಿನಲ್ಲಿ ಅಕ್ಕನಿಗೆ ಚುರುಕು ತಡವಾಗಿ ಮುಟ್ಟಿರಬೇಕು. ಒಂದು ಸಲ ಕಾಲು ಎಳೆದುಕೊಂಡಳು. ಡಾಕ್ಟರಮ್ಮ ಯಂತ್ರವನ್ನು ನೋಡುತ್ತಾರೆ, ಗೆರೆಯನ್ನು ನೋಡುತ್ತಾರೆ, ನರ್ಸನ್ನು ನೋಡುತ್ತಾರೆ. ಯಂತ್ರ ಕೆಟ್ಟಿದೆಯೇ, ಮದ್ದು ಹೊರಕ್ಕೆ ಸೋರಿದೆಯೇ ಎಂದು ತಮ್ಮಲ್ಲೇ ಕೇಳಿಕೊಂಡರು. ಕಾರಣ ತಿಳಿಯುವವರೆಗೆ ಮತ್ತೆ ಬೆಳಕು ಬಿಡುವಂತಿಲ್ಲ, ಮದ್ದೋ ಹೆಚ್ಚು ಹೊತ್ತು ಗಂಟಿನಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಹೇಳಿದರು. ಅಂದರೆ ಅಕ್ಕನ ರೆಪ್ಪೆ ಕೈತಪ್ಪಿಹೋಗುತ್ತಿದೆ ಎಂದು ನನಗೆ ಕೇಳಿಸಿತು.

ಅಷ್ಟರಲ್ಲಿ ವಾಸನೆ ಮೂಗಿಗೆ ಬಂತು. ಚರ್ಮ ಸುಟ್ಟ ವಾಸನೆಯ ಅಡಿಯಲ್ಲಿ ಇನ್ನೊಂದಿತ್ತು. ಕಂಚಿನ ತಟ್ಟೆಯ ಕೆಳಗೆ ರಾತ್ರಿಯಿಡೀ ಉರಿದ ಹರಳೆಣ್ಣೆಯ ವಾಸನೆ. ನಾನು ಹುಟ್ಟಿ ಬೆಳೆದ ಮನೆಯ ವಾಸನೆ, ಬೆಂಗಳೂರಿನ ಆ ಬಿಳಿ ಕೋಣೆಯಲ್ಲಿ.

ಕನ್ನಡಕ ಬಿಚ್ಚಿಟ್ಟು ಹೊರಗೆ ಬಂದೆ. ಅಮ್ಮ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಳು.

"ಅಮ್ಮ, ಅಕ್ಕನ ಕೆನ್ನೆಗೆ ಏನಾರ ಇಕ್ಕಿದ್ಯಾ?"

"ಯಾಕಮ್ಮಿ?"

"ಇಕ್ಕಿದ್ಯೋ ಇಲ್ವೋ ಹೇಳು."

"ಒಂದ್ ಚುಕ್ಕಿ ಕಣಮ್ಮಿ," ಎಂದಳು ಅಮ್ಮ. "ಬಂದೋರು ಹೋದೋರೆಲ್ಲ ಅವಳ ಮಖಾನೇ ನೋಡ್ತಿದ್ರು. ಡಾಕ್ಟರಮ್ಮಂಗೆ ಕಾಣ್ದಂಗೆ ಗೆರೆ ಮ್ಯಾಲೇ ಇಕ್ಬುಟ್ಟೆ. ಗಂಟು ಮುಟ್ಟಿಲ್ಲ, ನಿಮ್ಮಪ್ಪನಾಣೆ."

ನನ್ನ ಮುಖ ನೋಡಿಯೇ ಅವಳು ಎದ್ದು ನಿಂತಳು. ಬಾಗಿಲಿಗೆ ಬಂದ ಡಾಕ್ಟರಮ್ಮನಿಗೆ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಆ ಡಬ್ಬಿ ಕೊಡಿ ಅಜ್ಜಿ ಎಂದು ಕೈ ಚಾಚಿದರು. ಅಮ್ಮ ಕೊಡಲಿಲ್ಲ, ತಾನೇ ಹಿಡಿದುಕೊಂಡು ಅವರ ಹಿಂದೆ ಒಳಗೆ ನಡೆದಳು.

ಅವರಿಗೆ ತಪ್ಪು ಯಂತ್ರದ್ದಲ್ಲ ಎಂದು ಖಚಿತವಾಗಬೇಕಿತ್ತು. ಅಮ್ಮನಿಗೂ ಕನ್ನಡಕ ಹಾಕಿಸಿದರು. ಬಿಳಿ ಕಾಗದವೊಂದರ ಮೇಲೆ ನೇರಳೆ ಪೆನ್ನಿನಲ್ಲಿ ಗೆರೆ ಎಳೆದು, ಡಬ್ಬಿಯೊಳಗಿನ ಮಸಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಗೆರೆಯ ಮೇಲೆ ಒಂದು ಚುಕ್ಕಿ ಇಟ್ಟು, ಅದೇ ಬೆಳಕು ಬಿಟ್ಟರು. ಕಾಗದ ಬೆಳ್ಳಗೇ ಇತ್ತು. ಗೆರೆ ನೇರಳೆಯಾಗೇ ಇತ್ತು. ಕಾಡಿಗೆ ಇದ್ದಲ್ಲಿ ಮಾತ್ರ ಸಣ್ಣ ಕೆಂಡ ಕಾಣಿಸಿ ತೂತು ಬಿತ್ತು.

ಅಮ್ಮ ಆ ತೂತನ್ನೇ ನೋಡುತ್ತಿದ್ದಳು. ಬಾಯಿ ತೆರೆದೇ ಇತ್ತು.

"ಅಜ್ಜಿ, ನಿಮ್ಮ ಕಾಡಿಗೆ ನಮ್ಮ ಮದ್ದಿಗಿಂತ ಜೋರಾಗಿದೆ," ಎಂದರು ಡಾಕ್ಟರಮ್ಮ. ನಗುತ್ತಾ ಹೇಳಿದ್ದಲ್ಲ. ಮದ್ದು ಗಂಟಿನಲ್ಲಿ ಮಾಡುವ ಕೆಲಸವನ್ನೇ ಈ ಮಸಿ ಒಳ್ಳೆಯ ಚರ್ಮದ ಮೇಲೆ ಮಾಡಿದೆ, ಕಪ್ಪು ಎಲ್ಲ ಬೆಳಕನ್ನೂ ಕುಡಿದುಬಿಡುತ್ತದೆ ಎಂದರು. ಆಗ ನನಗೆ ಆ ಚಿಕಿತ್ಸೆ ಏನೆಂದು ಪೂರ್ತಿ ಅರ್ಥವಾಯಿತು. ಅರ್ಥವಾಗಿ ಇನ್ನಷ್ಟು ಹೆದರಿಕೆಯಾಯಿತು. ಚುಕ್ಕಿ ಒಂದಿಷ್ಟು ಮೇಲಕ್ಕೆ, ರೆಪ್ಪೆಯ ಕಡೆ ಬಿದ್ದಿದ್ದರೆ?

ಸುಟ್ಟ ಜಾಗ ಗಂಟಿನ ಹೊರಗಿದೆ, ಸಣ್ಣದು, ಅದನ್ನು ತೊಳೆದು ಒದ್ದೆ ಗಾಜ್ ಬಟ್ಟೆಯಲ್ಲಿ ಮರೆ ಮಾಡಿ ಉಳಿದದ್ದನ್ನು ಮುಂದುವರಿಸಬಹುದು, ಆದರೆ ಒಪ್ಪಬೇಕಾದವರು ಅವರೇ ಎಂದು ಡಾಕ್ಟರಮ್ಮ ಅಕ್ಕನ ಕಡೆ ನೋಡಿದರು. ಅಕ್ಕನ ಅರ್ಧ ಬಾಯಿ ಜೋಮು ಹಿಡಿದಿತ್ತು. ಮಾತು ತೊದಲಾಗಿ ಬಂತು.

"ಮಾಡ್ಲಿ," ಎಂದಳು ನನಗೆ. "ಅದಕ್ ಮುಂಚೆ, ಇನ್ನೆಲ್ಲೆಲ್ಲಿ ಇಕ್ಕವ್ಳೋ ಕೇಳು ಅವಳ್ನ."

ಅಮ್ಮ ತಲೆ ತಗ್ಗಿಸಿದಳು. ಅಂಗಾಲಿನಲ್ಲಿ ಒಂದಿದೆ, ಅದು ಬೆಳಿಗ್ಗೆ ಅವಳು ನಿದ್ದೆಯಲ್ಲಿದ್ದಾಗ ಇಟ್ಟದ್ದು ಎಂದು ಒಪ್ಪಿಕೊಂಡಳು. ನರ್ಸು ಆಚೆ ತಿರುಗಿ ನಕ್ಕಳು. ಅಂಗಾಲಿನದು ಇರಲಿ ಬಿಡಿ ಎಂದರು ಡಾಕ್ಟರಮ್ಮ. ಆದರೂ ಅಕ್ಕನ ಮುಖ, ಕತ್ತು, ಕಿವಿಯ ಹಿಂದೆ ಎಲ್ಲ ಮತ್ತೆ ಒರೆಸಿದರು.

ಎರಡನೆಯ ಸಲ ಪರದೆಯಲ್ಲಿ ಗಂಟು ಹಳದಿಯಾಗಿ, ಕಿತ್ತಳೆಯಾಗಿ, ಕೆಂಪಾಗಿ ನಿಂತಿತು. ಸುತ್ತ ಎಲ್ಲ ನೀಲಿಯಾಗಿಯೇ ಉಳಿಯಿತು. ಹೊಗೆ ಏಳಲಿಲ್ಲ. ಮುಗಿದು ಬಟ್ಟೆ ತೆಗೆದಾಗ ಗಂಟು ಬೆಂದ ಅಲಸಂದೆಕಾಳಿನ ಹಾಗೆ ಮಂಕಾಗಿ ಬಿಳುಪೇರಿತ್ತು. ಒಂದು ಹನಿ ರಕ್ತವಿಲ್ಲ. ಹಕ್ಕಳೆಗಟ್ಟಿ ಉದುರಬೇಕು, ಆಮೇಲೆ ಚೂರು ತೆಗೆದು ಪರೀಕ್ಷೆ ಮಾಡಬೇಕು, ಆಗಲೇ ರೋಗ ಹೋಯಿತೋ ಇಲ್ಲವೋ ತಿಳಿಯುವುದು ಎಂದರು. ಸುಟ್ಟಲ್ಲಿ ಗುರುತು ಉಳಿದರೂ ಉಳಿಯಬಹುದು ಎಂದೂ ಹೇಳಿದರು.

ವಾಪಸು ಬರುವಾಗ ಕೊಡಿಕೊಂಡದಲ್ಲಿ ಟೀ ಕೊಡಿಸಿದೆ. ಅಮ್ಮನ ಲೋಟದಲ್ಲಿ ಕೆನೆ ಕಟ್ಟಿತು. ಹಿಂದೂಪುರದ ಮನೆಗೆ ಬಂದವಳೇ ಅಮ್ಮ ಡಬ್ಬಿಯನ್ನು ನನ್ನ ಅಡುಗೆಮನೆಯ ಅಟ್ಟದ ಮೇಲೆ, ಯಾರಿಗೂ ಕೈಗೆಟುಕದ ಕಡೆ ಇಟ್ಟಳು. ಅಕ್ಕ ಗಂಜಿ ಕುಡಿದಳು, ನಮ್ಮ ಯಜಮಾನರು ಚಿತ್ರಾನ್ನದಲ್ಲಿ ಉಳಿದದ್ದನ್ನು ತಿಂದರು. ಅಮ್ಮ ಏನೂ ತಿನ್ನಲಿಲ್ಲ. ಅಂದು ಅವಳು ಮಲಗಿದ್ದನ್ನು ನಾನು ನೋಡಲಿಲ್ಲ.

ಅಕ್ಕ ಕಲ್ಯಾಣದುರ್ಗಕ್ಕೆ ಹೋದಳು, ಅಮ್ಮ ಸೆಟ್ಟೂರಿನ ಕಡೆಗೆ. ಆಮೇಲೆ ಅಮ್ಮ ನಮಗೆ ಫೋನ್ ಮಾಡುವುದನ್ನೇ ಬಿಟ್ಟಳು. ನಾವು ಮಾಡಿದರೆ ಹೂಂ ಎನ್ನುವಳು, ಅಷ್ಟೇ. ಅವಳು ರಾತ್ರಿಯೆಲ್ಲ ಎದ್ದು ಕೂತಿರುತ್ತಾಳೆ, ಮನೆಯ ಹಸು ಕರು ಹಾಕಿತು, ಕರುವಿನ ಹಣೆಗೆ ಕಾಡಿಗೆ ಇಡಲಿಲ್ಲ ಎಂದು ತಮ್ಮ ಹೇಳಿದ. ಕರುವಿನ ವಿಷಯ ಕೇಳಿದಾಗ ನನಗೆ ಅವಳ ಬಗ್ಗೆ ನಿಜವಾಗಿ ಭಯವಾಯಿತು.

ಹಕ್ಕಳೆ ಉದುರಿತು. ಅಕ್ಕ ಭಾವನ ಜೊತೆ ಬೆಂಗಳೂರಿಗೆ ಹೋಗಿ ಚೂರು ಕೊಟ್ಟು ಬಂದಳು. ಭಾವ ಆಸ್ಪತ್ರೆಯ ಹೊರಗಿನ ಕಾಂಪೌಂಡಿನ ಮೇಲೆ ಕೂತು ಕಾದರಂತೆ. ಕೆಲವು ದಿನ ಬಿಟ್ಟು ಡಾಕ್ಟರಮ್ಮನೇ ಫೋನ್ ಮಾಡಿ, ಚೂರಿನಲ್ಲಿ ರೋಗವಿಲ್ಲ, ಆದರೂ ಆಗಾಗ ಬಂದು ತೋರಿಸುತ್ತಿರಿ ಎಂದರು. ಸುದ್ದಿ ಕೇಳಿ ನಾನು ಮೊಳಕೆ ಹುರುಳಿ ಕಟ್ಟಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಅಮ್ಮನನ್ನೂ ಕಳಿಸಿಕೊಡು ಎಂದು ತಮ್ಮನಿಗೆ ಗಂಟು ಬಿದ್ದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮೂಗಿನಲ್ಲಿ ಬೊಟ್ಟಿತ್ತು, ಹಣೆಯಲ್ಲಿ ವಿಭೂತಿ ಇತ್ತು. ಬಿಸಿಲು ಕೆನ್ನೆಯ ಮೇಲೆ ಬಿದ್ದಿತ್ತು. ಗಂಟು ಇದ್ದಲ್ಲಿ ತುಸು ತಗ್ಗು, ಬಳೆಯ ಕೆಳಗಿನ ಚರ್ಮದಂತೆ ತೆಳ್ಳನೆಯ ಬಿಳುಪು. ಅದರ ಕೆಳಗೆ ಕಪ್ಪನೆಯ ಒಂದು ಚುಕ್ಕಿ. ಇಟ್ಟ ಹಾಗೆ ಇತ್ತು. ನಾನು ಚಪ್ಪಲಿ ಬಿಡುವುದನ್ನೂ ಮರೆತು ನೋಡಿದೆ. ಸುಡುವಾಗ ಮಸಿ ಒಳಕ್ಕೆ ಇಳಿದು ಹಚ್ಚೆ ಹಾಕಿದ ಹಾಗೆ ನಿಂತುಬಿಟ್ಟಿದೆಯಂತೆ ಎಂದು ಅಕ್ಕ ಹೇಳಿದಳು.

ಇಬ್ಬರೂ ಕೂತು ಕಡಲೆಕಾಯಿ ಬಿಡಿಸಿದೆವು. ಸೊಪ್ಪು ಸೋಸಿದೆವು. ಇಳಿಹೊತ್ತಿಗೆ ಅಮ್ಮ ಬಂದಳು. ಬಡವಾಗಿದ್ದಳು. ಕಣ್ಣಿನ ಕೆಳಗೆ ನೆರಳು ಬಿದ್ದಿತ್ತು. ಹೊಸಿಲ ಆಚೆಯೇ ನಿಂತು ಅಕ್ಕನನ್ನು ನೋಡಿದವಳ ಮುಖ ಬಿಳಚಿಕೊಂಡಿತು.

"ಯಾರೇ ಇಕ್ಕಿದ್ದು ಅದ್ನ?" ಎಂದಳು. "ಒರೆಸ್ಕೊಳೇ. ಮೊದ್ಲು ಒರೆಸ್ಕೋ."

ಯಾರಾದರೂ ಏನಾದರೂ ಹೇಳುವಷ್ಟರಲ್ಲಿ ಒಳಗೆ ಬಂದು, ಸೆರಗಿನ ತುದಿಗೆ ಎಂಜಲು ಹಚ್ಚಿ ಅಕ್ಕನ ಕೆನ್ನೆ ಉಜ್ಜತೊಡಗಿದಳು. ಚುಕ್ಕಿ ಹೋಗಲಿಲ್ಲ. ಮತ್ತೆ ಉಜ್ಜಿದಳು. ಅಕ್ಕ ಅವಳ ಮಣಿಕಟ್ಟು ಹಿಡಿದುಕೊಂಡಳು.

"ನೀನೇ ಇಕ್ಕಿದ್ದು ಕಣಮ್ಮ. ಅದು ಹೋಗಲ್ಲ."

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ಅವಳು ಅಕ್ಕನ ರೆಪ್ಪೆ ನೋಡಿದಳು, ಅದರ ಕೆಳಗಿನ ತಗ್ಗು ನೋಡಿದಳು, ಚುಕ್ಕಿ ನೋಡಿದಳು. ರೋಗ ಹೋಗಿರುವುದನ್ನು ನಾವು ಫೋನಿನಲ್ಲಿ ಹೇಳಿದ್ದು ಅವಳ ತಲೆಗೆ ಹತ್ತಿರಲೇ ಇಲ್ಲವೆಂದು ಆಗ ನನಗೆ ತಿಳಿಯಿತು. ನಾವು ಸಮಾಧಾನಕ್ಕೆ ಹೇಳುತ್ತಿದ್ದೇವೆ ಎಂದುಕೊಂಡಿದ್ದಳಂತೆ. ತನ್ನ ಕೈಯಿಂದಲೇ ಮಗಳ ಮುಖ ಹೋಯಿತು ಎಂದು ಇಷ್ಟು ದಿನವೂ ನಂಬಿ ಕೂತಿದ್ದಳು.

"ಡಾಕ್ಟರಮ್ಮ ಇದಕ್ಕೂ ಏನೋ ಮಾಡ್ತೀನಿ ಅಂದ್ರು," ಎಂದಳು ಅಕ್ಕ. "ನಾನೇ ಬ್ಯಾಡ ಅಂದೆ. ಇರ್ಲಿ ಬಿಡು. ಸೆಟ್ಟೂರಿಂದ ನೀನು ಬಸ್ ಹತ್ಕೊಂಡ್ ಬಂದು ಇಕ್ಕೋ ಕಷ್ಟ ತಪ್ತು."

ಅಮ್ಮ ನಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣು ಮುಚ್ಚು ಎಂದಳು. ಅಕ್ಕ ಮುಚ್ಚಿದಳು. ತೆಗಿ ಎಂದಳು. ತೆಗೆದಳು. ರೆಪ್ಪೆ ಕೂಡುವುದನ್ನೂ ಬಿಡುವುದನ್ನೂ ಹಾಗೇ ಬಹಳ ಹೊತ್ತು ಮಾಡಿಸಿ ನೋಡಿದಳು. ಅಂಗಡಿಯಿಂದ ಬಂದ ಭಾವ ಇದೇನು ಆಟ ಎಂದು ಕೇಳಿ ಒಳಗೆ ಹೋದರು.

ರಾಗಿಮುದ್ದೆ, ಮೊಳಕೆ ಹುರುಳಿಯ ಸಾರು, ಕಡಲೆಬೀಜದ ಚಟ್ನಿ, ಸೊಪ್ಪಿನ ಪಲ್ಯ, ಮಜ್ಜಿಗೆ. ಅಮ್ಮ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡಳು. ನಾನೂ ಅಕ್ಕನೂ ತಟ್ಟೆ ತೊಳೆದು, ಚಾಪೆ ಹಾಸಲು ಬಂದು ನೋಡಿದರೆ, ಕೈ ಒರೆಸಿಕೊಂಡ ಸೆರಗನ್ನು ಹಾಗೆಯೇ ಹಿಡಿದು ಗೋಡೆಗೆ ಒರಗಿದ್ದವಳು ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದಳು.